ಹೊಗೆಯ ವಿಳಾಸ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲವೆಂಬುದು ನಮ್ಮ ಹಿರಿಯರ ಮಾತು. ತರ್ಕಶಾಸ್ತ್ರದ ಪಂಡಿತರಿಗಂತೂ ಇದು ಮೊದಲ ಪಾಠದ ಉದಾಹರಣೆ. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಅಡಿಗೆಮನೆಯಲ್ಲಿ ಹೊಗೆಯೂ ಬೆಂಕಿಯೂ ಜೊತೆಯಾಗಿರುವುದನ್ನು ನಾವು ದಿನವೂ ಕಂಡವರು. ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇರಲೇಬೇಕು. ಮಂಜನ್ನು ಹೊಗೆಯೆಂದು ಭ್ರಮಿಸಬಾರದು ಎಂದೊಂದು ಎಚ್ಚರಿಕೆಯನ್ನೂ ಆ ಪಂಡಿತರು ಸೇರಿಸಿದ್ದರು. ಆದರೆ ಹೊಗೆ ಬೆಟ್ಟದ ಮೇಲಿದ್ದು ಬೆಂಕಿ ಮಾತ್ರ ಇನ್ನೊಂದು ದೇಶದಲ್ಲಿದ್ದರೆ ಏನು ಮಾಡಬೇಕೆಂದು ಅವರು ಹೇಳಿದಂತೆ ಕಾಣೆವು. ಅವರ ಕಾಲದಲ್ಲಿ ಆ ಪ್ರಶ್ನೆ ಏಳುವ ಸಂಭವವೂ ಇರಲಿಲ್ಲ.

2023ರ ಜೂನ್ 7ರಂದು ನ್ಯೂಯಾರ್ಕ್ ನಗರದವರಿಗೆ ಈ ಹಳೆಯ ತರ್ಕ ಕೈಕೊಟ್ಟಿತು. ಹಾಡುಹಗಲಲ್ಲಿ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಲ್ಲಿಯ ಗಾಳಿಯ ಸೂಚ್ಯಂಕ 400ನ್ನು ದಾಟಿತು, ವಿಮಾನಗಳು ತಡವಾದವು, ಮಕ್ಕಳನ್ನು ಹೊರಗೆ ಬಿಡಬೇಡಿರೆಂದು ಅಧಿಕಾರಿಗಳು ಸಾರಿದರು. ದೆಹಲಿಯಲ್ಲಿ ಇಪ್ಪತ್ತು ನವೆಂಬರುಗಳನ್ನು ಕಳೆದ ನಮಗೆ ಆ ಸಂಖ್ಯೆಯನ್ನು ಕೇಳಿ ಗಾಬರಿಯೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ‘ಇವರಿಗೂ ಗೊತ್ತಾಗಲಿ’ ಎಂಬ ಒಂದು ಸಣ್ಣ ಸಮಾಧಾನವೇ ಆಯಿತು. ಆದರೆ ಆ ಊರಿನಲ್ಲಿ ಎಲ್ಲಿಯೂ ಬೆಂಕಿ ಬಿದ್ದಿರಲಿಲ್ಲ. ಬೆಂಕಿ ಇದ್ದದ್ದು ಗಡಿಯಾಚೆ, ನೂರಾರು ಮೈಲಿ ಉತ್ತರಕ್ಕೆ, ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಕಾಡುಗಳಲ್ಲಿ.

ಹೊಗೆಯ ಬೆನ್ನುಹತ್ತಿ ಬೆಂಕಿಯ ಮನೆಯನ್ನು ತೋರಿಸಿಕೊಟ್ಟವು ಕೃತಕ ಉಪಗ್ರಹಗಳು. ಆ ದಿನಗಳ ಚಿತ್ರಗಳನ್ನು ನಮ್ಮ ಮಗಳು ಮನೆಯ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದಾದ ಚಿತ್ರಗಳು ಅವು. ಕಪ್ಪುಹಸಿರು ಕಾಡಿನ ಮೇಲೆ ಅಲ್ಲಲ್ಲಿ ಕುಂಕುಮದ ಬೊಟ್ಟಿನಂತೆ ಚುಕ್ಕಿಗಳು. ಪ್ರತಿ ಚುಕ್ಕಿಯಿಂದಲೂ ಹೊರಟ ಬೂದುಬಣ್ಣದ ಎಳೆ. ಎಳೆಗಳೆಲ್ಲ ಕೂಡಿ ಒಂದು ಹೊಳೆ. ಪೂರ್ವ ಕೆನಡಾದ ಕರಾವಳಿಯ ಬಳಿ ಆಗ ವಾಯುಭಾರ ಕುಸಿತವೊಂದು ಕದಲದೆ ನಿಂತಿತ್ತು. ಉತ್ತರಾರ್ಧಗೋಳದಲ್ಲಿ ಅಂಥ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಆದ್ದರಿಂದ ಅದರ ಪಶ್ಚಿಮ ಮಗ್ಗುಲಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸಿ ಹೊಗೆಯನ್ನು ನೇರವಾಗಿ ನ್ಯೂಯಾರ್ಕಿನ ಮೇಲೆ ತಂದು ಸುರಿಯಿತು. ಅದೇ ತಿಂಗಳಲ್ಲಿ ಕೆನಡಾದ ಹೊಗೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಯೂರೋಪನ್ನೂ ಮುಟ್ಟಿತು. 2019–20ರಲ್ಲಿ ಆಸ್ಟ್ರೇಲಿಯದ ಕಾಡುಗಳು ಉರಿದಾಗಲಂತೂ ಹೊಗೆ ಶಾಂತ ಸಾಗರದ ಆಚೆ ಚಿಲಿ, ಅರ್ಜೆಂಟೀನಗಳವರೆಗೂ ಹೋಗಿ, ಅದರ ಒಂದು ಪಾಲು ಭೂಮಿಯನ್ನೇ ಸುತ್ತು ಹಾಕಿಕೊಂಡು ಹೊರಟ ಊರಿಗೆ ಮರಳಿತ್ತು.

ನಾವು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತವರು. ಓದಿದ್ದು ಉಪಯೋಗಕ್ಕೆ ಬಂದ ಸಂದರ್ಭ ಕಡಮೆ. ಆದ್ದರಿಂದ ಉಪಗ್ರಹ ಬೆಂಕಿಯನ್ನು ಗುರುತಿಸುವುದರ ಹಿಂದೆ ವೀನ್ ಮಹಾಶಯನ ನಿಯಮವಿದೆಯೆಂದು ತಿಳಿದಾಗ, ಹಳೆಯ ಸಹಪಾಠಿಯೊಬ್ಬ ಬಸ್ ಸ್ಟಾಪಿನಲ್ಲಿ ಸಿಕ್ಕಷ್ಟು ಸಂತೋಷವಾಯಿತು. ವಸ್ತು ಕಾದಷ್ಟೂ ಅದು ಹೆಚ್ಚಾಗಿ ಸೂಸುವ ಕಿರಣದ ತರಂಗಾಂತರ ಕಿರಿದಾಗುತ್ತದೆ ಎಂಬುದೇ ಆ ನಿಯಮ. ಸಾಧಾರಣ ನೆಲ ಸೂಸುವುದು ಹೆಚ್ಚಾಗಿ 10 ಮೈಕ್ರಾನಿನ ಆಸುಪಾಸಿನ ಶಾಖಕಿರಣ; ಉರಿಯುವ ಕಾಡಿನದು 4 ಮೈಕ್ರಾನಿನ ಆಸುಪಾಸು. ಒಂದೇ ನೆಲವನ್ನು ಎರಡು ಬಗೆಯಲ್ಲಿಯೂ ನೋಡಿ, ಮೊದಲನೆಯದಕ್ಕಿಂತ ಎರಡನೆಯದರಲ್ಲಿ ಅದು ವಿಪರೀತ ಎದ್ದು ಕಂಡರೆ ಅಲ್ಲಿ ಬೆಂಕಿ ಎಂದು ಲೆಕ್ಕ. 2011ರಲ್ಲಿ ಹಾರಿಸಿದ ಸುವೋಮಿ ಉಪಗ್ರಹದ ಯಂತ್ರ ನೆಲವನ್ನು 375 ಮೀಟರ್ ಅಗಲದ ಚೌಕಗಳಾಗಿ ನೋಡುತ್ತದೆ. ಚೌಕದ ಒಂದು ಮೂಲೆ ಚೆನ್ನಾಗಿ ಉರಿದರೆ ಸಾಕು, ಚುಕ್ಕಿ ಬೀಳುತ್ತದೆ.

ಹೊಗೆಯನ್ನು ಹಿಡಿಯುವುದು ಇಷ್ಟು ಸುಲಭವಲ್ಲ. ಪಂಡಿತರ ಹಳೆಯ ಎಚ್ಚರಿಕೆ ಇಲ್ಲಿಯೂ ಬೇಕು, ಮೋಡ ಯಾವುದು ಹೊಗೆ ಯಾವುದು ಎಂದು ಬೇರ್ಪಡಿಸಬೇಕು. ಶಾಖಕಿರಣದಲ್ಲಿ ನೋಡಿದರೆ ಮೋಡ ಉಳಿಯುತ್ತದೆ, ತೆಳು ಹೊಗೆ ಮಾಯವಾಗುತ್ತದೆ. ಹೊಗೆಯ ಕಣ ಆ ಕಿರಣಗಳನ್ನು ತಡೆಯಲಾರದಷ್ಟು ಸಣ್ಣದು. ನೇರಳಾತೀತ ಕಿರಣದಲ್ಲಿ ಇದಕ್ಕೆ ವಿರುದ್ಧ, ಹೊಗೆ ಅದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಬಿಳಿಯ ಮೋಡದ ಮೇಲೆ ತೇಲುವ ಹೊಗೆಯೂ ಕಪ್ಪಾಗಿ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯುತ್ತದೆ. ಚಿತ್ರ ಮೇಲಿನಿಂದ ತೆಗೆದದ್ದು. ಅದರಲ್ಲಿ ಕಾಣುವ ಹೊಗೆ ಮನುಷ್ಯನ ಮೂಗಿನ ಮಟ್ಟದಲ್ಲಿದೆಯೋ, ಮೂರು ಮೈಲಿ ಎತ್ತರದಲ್ಲಿದೆಯೋ ಚಿತ್ರ ತಾನಾಗಿ ಹೇಳದು. ಎತ್ತರದಲ್ಲಿದ್ದರೆ ಕೆಳಗಿನವರಿಗೆ ಕೆಂಪು ಸೂರ್ಯಾಸ್ತ, ನೆಲಕ್ಕಿಳಿದರೆ ಕೆಮ್ಮು. 2006ರಿಂದ 2023ರವರೆಗೆ ಕೆಲಸ ಮಾಡಿದ ಕ್ಯಾಲಿಪ್ಸೋ ಎಂಬ ಉಪಗ್ರಹ ಲೇಸರ್ ಕಿರಣವನ್ನು ಕೆಳಗೆ ಬಿಟ್ಟು ಹೊಗೆಯ ಎತ್ತರವನ್ನು ಅಳೆಯುತ್ತಿತ್ತು. ಆದರೆ ಅದು ನೋಡುತ್ತಿದ್ದುದು ತನ್ನ ದಾರಿಯ ಕೆಳಗಿನ ಒಂದು ಸಣ್ಣ ಗೆರೆಯನ್ನು ಮಾತ್ರ. ಮೇಲಿನ ಕಣ್ಣಿಗೆ ಅಗಲ ಕಂಡಷ್ಟು ಆಳ ಕಾಣುವುದಿಲ್ಲ.

ನಮ್ಮ ಮಗಳು ಕೇಳಿದ ಪ್ರಶ್ನೆ ಈ ವಿಜ್ಞಾನದ್ದಲ್ಲ. ಕೆಂಪು ಚುಕ್ಕಿಗಳ ಮೇಲೆ ಬೆರಳಿಟ್ಟು, ‘ಅಪ್ಪ, ಹಾಗಾದರೆ ತಪ್ಪು ಇವರದ್ದಾ?’ ಎಂದಳು.

ಕ್ವಿಬೆಕ್ಕಿನ ಆ ಬೆಂಕಿಗಳನ್ನು ಬಹುಮಟ್ಟಿಗೆ ಹಚ್ಚಿದ್ದು ಸಿಡಿಲು. ಜೂನ್ ತಿಂಗಳ ಮೊದಲ ದಿನವೇ ಒಂದರ ಹಿಂದೊಂದು ಹೊತ್ತಿಕೊಂಡವು. ಸಿಡಿಲಿಗೆ ನೋಟೀಸು ಜಾರಿ ಮಾಡಲಾಗದು. ಆದರೆ ಸಿಡಿಲು ಪ್ರತಿ ವರ್ಷವೂ ಹೊಡೆಯುತ್ತದೆ, ಪ್ರತಿ ವರ್ಷವೂ ಒಂದೂವರೆ ಕೋಟಿ ಹೆಕ್ಟೇರು ಉರಿಯುವುದಿಲ್ಲ. ಆ ವರ್ಷ ಕೆನಡಾದಲ್ಲಿ ಅದಕ್ಕೂ ಕಡಮೆಯಿಲ್ಲದಷ್ಟು ಕಾಡು ಸುಟ್ಟಿತು. ವಸಂತ ಕಾಲ ಎಂದಿಲ್ಲದಷ್ಟು ಬಿಸಿಯಾಗಿ ಕಾಡು ಒಣಗಿ ಕಾದಿತ್ತು. ಮನುಷ್ಯರಿಂದ ಭೂಮಿ ಬಿಸಿಯಾದದ್ದರಿಂದ ಕ್ವಿಬೆಕ್ಕಿನಲ್ಲಿ ಇಂಥ ಹವೆ ಬರುವ ಸಂಭವ ಎರಡು ಪಟ್ಟಾದರೂ ಹೆಚ್ಚಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಬಿಸಿ ಮಾಡಿದವರು ಯಾರು? ಕಲ್ಲಿದ್ದಲು, ಪೆಟ್ರೋಲು ಸುಟ್ಟವರು. ಅವರಲ್ಲಿ ಅಂದು ಮೂಗು ಮುಚ್ಚಿಕೊಂಡು ಕೆನಡಾವನ್ನು ಬೈದ ನ್ಯೂಯಾರ್ಕಿನವರ ಪಾಲು ಸಣ್ಣದಲ್ಲ. ನಮ್ಮ ಸ್ಕೂಟರಿನ ಪಾಲೂ ಒಂದು ಗುಲಗಂಜಿಯಷ್ಟು ಇದ್ದೇ ಇದೆ. ಹೊಗೆಯ ಬೆನ್ನುಹತ್ತಿ ಹೋದರೆ ಬೆಂಕಿ ಸಿಗುತ್ತದೆ. ಬೆಂಕಿಯಿಂದಲೂ ಹಿಂದಕ್ಕೆ ಹೋಗುತ್ತ ಹೋದರೆ, ನೋಡುತ್ತ ಕುಳಿತವನ ಮನೆಯ ಬಾಗಿಲಿಗೇ ಬಂದು ನಿಲ್ಲುವ ಸಂಭವವಿದೆ. ಇದನ್ನೆಲ್ಲ ಮಗಳಿಗೆ ಹೇಗೋ ವಿವರಿಸಿದೆವು. ‘ಅಂದರೆ ಯಾರದ್ದೂ ತಪ್ಪಿಲ್ಲ ಅಂತಲೋ, ಎಲ್ಲರದ್ದೂ ಅಂತಲೋ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಟ್ಯೂಷನ್ನಿಗೆ ಹೋದಳು.

ಕೆನಡಾ ದೂರದ ಮಾತು. ಕಾಡ್ಗಿಚ್ಚಿನ ಹೊಗೆಯನ್ನು ಹಿಂಬಾಲಿಸುವ ಅವೇ ಉಪಗ್ರಹಗಳು ಪ್ರತಿ ಶರತ್ಕಾಲದಲ್ಲಿ ಪಂಜಾಬ್, ಹರಿಯಾಣಗಳ ಗದ್ದೆಗಳ ಮೇಲೂ ಕಣ್ಣಿಡುತ್ತವೆ. ನಮ್ಮ ದೆಹಲಿಯ ಪೂಸಾದಲ್ಲಿರುವ ಕೃಷಿ ಸಂಶೋಧನ ಸಂಸ್ಥೆಯವರು ಸೆಪ್ಟೆಂಬರ್ 15ರಿಂದ ನವೆಂಬರ್ 30ರವರೆಗೆ ಪ್ರತಿದಿನ ಚುಕ್ಕಿಗಳನ್ನು ಎಣಿಸಿ ಪ್ರಕಟಿಸುತ್ತಾರೆ. ಇಲ್ಲಿ ಹಚ್ಚುವುದು ಸಿಡಿಲಲ್ಲ, ಹೆಸರು, ಊರು, ಸರ್ವೆ ನಂಬರು ಇರುವ ರೈತ. ಆದ್ದರಿಂದ ನಮ್ಮ ದೆಹಲಿಯವರಿಗೆ ಬಹಳ ಅನುಕೂಲವಾಗಿದೆ. ಕೊನೆಗೂ ಹೊಗೆಗೆ ವಿಳಾಸ ಸಿಕ್ಕಿತು! ಆ ಕಾಲದಲ್ಲಿ ಮೆಟ್ರೋದಲ್ಲಿ, ಕ್ಯಾಂಟೀನಿನಲ್ಲಿ, ನಮ್ಮ ಕನ್ನಡ ಬಳಗದ ಸಭೆಗಳಲ್ಲಿ ಸಹ, ಪಂಜಾಬಿನ ರೈತನನ್ನು ಬೈಯದೆ ಮಾತು ಮುಗಿಯುವುದಿಲ್ಲ. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬ ಗಾದೆಯ ಹನುಮಪ್ಪನಂತೆ ನಾವು ಹೊರಗೇ ನಿಂತಿರುತ್ತೇವೆ. ಕೂಳೆಯ ಹೊಗೆಯ ಪಾಲು ಕೆಲವು ದಿನ ಮೂರನೆಯ ಒಂದಂಶವನ್ನು ಮುಟ್ಟುವುದು ನಿಜ. ಆದರೆ ಡಿಸೆಂಬರಿನಲ್ಲಿ, ಗದ್ದೆಯಲ್ಲಿ ಗೋಧಿಯ ಮೊಳಕೆ ಬಂದು ಒಂದು ಚುಕ್ಕಿಯೂ ಇಲ್ಲದ ದಿನಗಳಲ್ಲಿಯೂ, ದೆಹಲಿಯ ಗಾಳಿ ಕೆಟ್ಟೇ ಇರುತ್ತದೆ. ಅಂದಹಾಗೆ, ಇಂದ್ರಪ್ರಸ್ಥದ ಮಯಸಭೆ ಎದ್ದದ್ದೇ ಖಾಂಡವವನವನ್ನು ಸುಟ್ಟ ಮೇಲೆ. ಬೆಂಕಿ ಹಚ್ಚುವುದನ್ನು ಈ ಊರಿನವರು ಪಂಜಾಬಿನವರಿಂದ ಕಲಿಯಬೇಕಾಗಿರಲಿಲ್ಲ.

ರೈತ ಏಕೆ ಸುಡುತ್ತಾನೆ? ಭತ್ತ ಕೊಯ್ಯುವ ಯಂತ್ರ ಮೊಣಕಾಲುದ್ದ ಕೂಳೆಯನ್ನು ಬಿಟ್ಟುಹೋಗುತ್ತದೆ. ನಮ್ಮ ಕಡೆ ಭತ್ತದ ಹುಲ್ಲು ಬಣವೆಯಾಗಿ ದನಗಳ ಪಾಲಾಗುತ್ತದೆ. ಅಲ್ಲಿಯ ಭತ್ತದ ಹುಲ್ಲನ್ನು ಸಿಲಿಕಾ ಹೆಚ್ಚೆಂದು ದನಕ್ಕೆ ಹಾಕುವವರು ಕಡಮೆ. ಗೋಧಿ ಬಿತ್ತಲು ಉಳಿಯುವುದು ಎರಡು ಮೂರು ವಾರ. ಇಷ್ಟು ಕಡಮೆ ಉಳಿಯುವುದಕ್ಕೂ ಒಂದು ಒಳ್ಳೆಯ ಕಾರಣವಿದೆ. ಅಂತರ್ಜಲ ಬತ್ತುತ್ತಿದೆಯೆಂದು ಪಂಜಾಬ್ ಸರ್ಕಾರ 2009ರಲ್ಲಿ ಕಾನೂನು ಮಾಡಿ, ಗೊತ್ತುಮಾಡಿದ ದಿನಕ್ಕೆ ಮುಂಚೆ ಭತ್ತ ನಾಟಿ ಮಾಡಕೂಡದೆಂದಿತು. ನಾಟಿ ಮುಂದಕ್ಕೆ ಹೋಯಿತು, ಕೊಯ್ಲೂ ಹೋಯಿತು, ಹೊಗೆ ಗಾಳಿ ನಿಲ್ಲುವ ತಣ್ಣನೆಯ ದಿನಗಳಿಗೆ ಬಂದು ಕೂಡಿತು. ಭತ್ತ ಬೆಳೆಯೆಂದು ಹುರಿದುಂಬಿಸಿದ್ದೂ ಸರ್ಕಾರವೇ, ಬೆಂಬಲ ಬೆಲೆಗೆ ಕೊಂಡು ಉಗ್ರಾಣ ತುಂಬಿಕೊಳ್ಳುವುದೂ ಸರ್ಕಾರವೇ. ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಮ್ಮಂಥ ಗುಮಾಸ್ತನೊಬ್ಬ ‘ಮಂಜೂರಾತಿಗಾಗಿ ಸಲ್ಲಿಸಲಾಗಿದೆ’ ಎಂದು ಬರೆದು ಸಹಿ ಮಾಡಿರುತ್ತಾನೆ. ಉಪಗ್ರಹದ ಚಿತ್ರದಲ್ಲಿ ಇದೊಂದೂ ಬರುವುದಿಲ್ಲ. ಬರುವುದು ಒಂದು ಕೆಂಪು ಚುಕ್ಕಿ. ಚುಕ್ಕಿ ಬಿದ್ದವನಿಗೆ ದಂಡ, ಜಮೀನಿನ ದಾಖಲೆಯಲ್ಲಿ ಕೆಂಪು ನಮೂದು. 2024ರ ನವೆಂಬರಿನಲ್ಲಿ ದಂಡವನ್ನು ಇಮ್ಮಡಿ ಮಾಡಿದರು. ಎರಡು ಎಕರೆಯೊಳಗಿನವನಿಗೆ 5,000, ಐದು ಎಕರೆ ಮೀರಿದವನಿಗೆ 30,000 ರೂಪಾಯಿ.

ಇಲ್ಲಿ ನಡೆದ ಒಂದು ವಿಚಿತ್ರವನ್ನು ಹೇಳಲೇಬೇಕು. ಪಂಜಾಬಿನ ಚುಕ್ಕಿಗಳು 2023ರಲ್ಲಿ 36,663 ಇದ್ದದ್ದು 2024ರಲ್ಲಿ 10,909ಕ್ಕೆ ಇಳಿದವು. ಎಲ್ಲರೂ ಬೆನ್ನು ತಟ್ಟಿಕೊಂಡರು. ಆದರೆ ಗಾಳಿಯಲ್ಲಿಯ ಹೊಗೆ ಆ ಲೆಕ್ಕದಲ್ಲಿ ಇಳಿಯಲಿಲ್ಲ. ಆ ನವೆಂಬರಿನಲ್ಲೊಂದು ದಿನ ದೆಹಲಿಯ ಸೂಚ್ಯಂಕ 490ನ್ನು ದಾಟಿತು. ಕಾರಣವನ್ನು ಎತ್ತಿ ತೋರಿಸಿದವರು ನಾಸಾ ಸಂಸ್ಥೆಯಲ್ಲಿ ಕೆಲಸ ಮಾಡುವ ವಿಜ್ಞಾನಿ ಹಿರೇನ್ ಜೇಥ್ವಾ. ಚುಕ್ಕಿ ಎಣಿಸುವ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು, ಹಗಲಿನಲ್ಲಿ ಮುಖ್ಯವಾಗಿ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ. ಬೆಂಕಿಗಳು ಬೀಳುತ್ತಿದ್ದುದು ಅವು ದಾಟಿಹೋದ ಮೇಲೆ. ಒಂದೇ ಕಡೆ ನಿಂತಂತೆ ಕಂಡು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯ ದೇಶದ ಭೂಸ್ಥಿರ ಉಪಗ್ರಹವೊಂದರಲ್ಲಿ ಸಂಜೆಯ ಹೊಗೆ ಕಂಡಿತು.

ಕನಕದಾಸರ ಬಾಳೆಹಣ್ಣಿನ ಕಥೆ ಯಾರಿಗೆ ಗೊತ್ತಿಲ್ಲ? ಯಾರೂ ನೋಡದ ಕಡೆ ತಿನ್ನಿರೆಂದು ಗುರುಗಳು ಹಣ್ಣು ಕೊಟ್ಟರು, ಎಲ್ಲರೂ ತಿಂದು ಬಂದರು, ಕನಕರಿಗೆ ಮಾತ್ರ ಅಂಥ ಜಾಗ ಸಿಗಲಿಲ್ಲ. ಪತ್ರಿಕೆಯಲ್ಲಿ ಈ ಸುದ್ದಿ ಓದಿದಾಗ ನಮ್ಮ ಕಚೇರಿಯ ಮಿತ್ರರೊಬ್ಬರು, ‘ನೋಡಿ, ರೈತರು ಒಂದೂವರೆಗೆ ಜಾಗ ಕಂಡುಕೊಂಡರು’ ಎಂದು ನಕ್ಕರು. ನಾವೂ ನಕ್ಕೆವು. ಹಿಂದೆ ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕವಿದ್ದಾಗ, ಸೆಕ್ಷನ್ ಆಫೀಸರು ಕೆಂಪು ಶಾಯಿಯ ಗೆರೆ ಎಳೆಯುವ ಗಳಿಗೆಗೆ ಸರಿಯಾಗಿ ಎಲ್ಲರೂ ಹಾಜರು. ಈಗ ಬೆರಳು ಒತ್ತುವ ಯಂತ್ರ ಬಂದಿದೆ. ಬೆರಳು ಒತ್ತಿ ಚಹಾಕ್ಕೆ ಇಳಿದುಹೋಗುವವರಲ್ಲಿ ನಾವೂ ಇದ್ದೇವೆ. ಆ ನಗುವಿಗೆ ನಮಗೇನು ಹಕ್ಕಿತ್ತೋ ತಿಳಿಯದು.

ಆದರೆ ಆ ಕಥೆಯ ಬಗ್ಗೆ ಮನೆಗೆ ಬಂದು ಯೋಚಿಸುವಾಗ ಬೇರೊಂದು ಸಂಗತಿ ಹೊಳೆಯಿತು. ಕನಕರನ್ನು ನೋಡುತ್ತಿದ್ದವನು ಕೈಯೊಳಗಿನ ಹಣ್ಣನ್ನಷ್ಟೇ ನೋಡುತ್ತಿರಲಿಲ್ಲ, ಹೊಟ್ಟೆಯ ಹಸಿವನ್ನೂ ನೋಡುತ್ತಿದ್ದ. ಹಣ್ಣು ಕೊಟ್ಟವರು ಯಾರು, ಏಕೆ ಕೊಟ್ಟರು ಎಂಬುದೂ ಅವನಿಗೆ ಗೊತ್ತಿತ್ತು. ಅಂಥ ಕಣ್ಣಿನ ಎದುರು ಮನುಷ್ಯ ತಪ್ಪಿಗೆ ನಾಚಬಲ್ಲ. ಬೆಂಕಿಯನ್ನು ಮಾತ್ರ ಕಂಡು ಬೆಂಕಿಯ ಕಾರಣವನ್ನು ಕಾಣದ ಕಣ್ಣಿಗೆ ಅವನು ಹೆದರಬಲ್ಲ, ಹೆದರಿದವನು ಗಡಿಯಾರ ನೋಡಿಕೊಳ್ಳುತ್ತಾನೆ. ಹಾಗೆಂದು ಉಪಗ್ರಹವನ್ನು ದೂರುವುದು ಮೂರ್ಖತನ, ಅದು ತನಗೆ ವಹಿಸಿದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಅದು ತೆಗೆದುಕೊಟ್ಟ ಚಿತ್ರವನ್ನೇ ತೀರ್ಪು ಎಂದು ಓದುವವರು ನಾವು.

ಹೀಗೆ ಬರೆಯಲು ನಮಗೆ ಕಾರಣವಿದೆ. 2024ರ ಡಿಸೆಂಬರಿನ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಮನೆಯೊಳಗೆ ಹೊಗೆಯ ವಾಸನೆ ಬಂದಿತು. ಮಗಳಿಗೆ ಚಳಿಗಾಲದಲ್ಲಿ ಉಬ್ಬಸ. ಆಗಲೇ ಎದೆ ಗೊರಗೊರ ಎನ್ನುತ್ತಿತ್ತು, ನಮ್ಮ ಮನೆಯಾಕೆ ಇನ್‌ಹೇಲರ್ ಹುಡುಕುತ್ತಿದ್ದಳು. ಮೂರನೆಯ ಮಹಡಿಯ ಬಾಲ್ಕನಿಯಿಂದ ಬಗ್ಗಿ ನೋಡಿದರೆ ಕಾಲೊನಿಯ ಗೇಟಿನ ಬಳಿ ಬೆಂಕಿ; ಪಕ್ಕದಲ್ಲಿ ಕಾವಲುಗಾರ ಕುಕ್ಕರಗಾಲಿನಲ್ಲಿ ಕುಳಿತು ಒಣ ಎಲೆಗೆ ಹಣ್ಣಿನ ಪೆಟ್ಟಿಗೆಯ ಹಲಗೆ ಮುರಿದು ಹಾಕುತ್ತಿದ್ದ. ಕೆಳಗಿಳಿದು ಹೇಳಬಹುದಾಗಿತ್ತು. ಚಳಿ, ಮೂರು ಮಹಡಿಯ ಮೆಟ್ಟಿಲು, ಮೇಲಾಗಿ ಸಿಟ್ಟು. ಫೋನಿನಲ್ಲಿ ಚಿತ್ರ ತೆಗೆದೆವು. ಚಿತ್ರ ಬಹಳ ಸ್ಪಷ್ಟವಾಗಿ ಬಂದಿತ್ತು, ಕಪ್ಪು ನೆಲದ ನಡುವೆ ಒಂದು ಕೆಂಪು ಚುಕ್ಕಿ. ನಿವಾಸಿಗಳ ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಿ, ‘ನಮ್ಮ ಗೇಟಿನಲ್ಲೇ ಹೀಗಾದರೆ ಪಂಜಾಬನ್ನು ದೂರಿ ಏನು ಫಲ’ ಎಂದು ಒಂದು ಸಾಲು ಸೇರಿಸಿದೆವು. ಇಪ್ಪತ್ತಮೂರು ಜನ ಹೆಬ್ಬೆರಳು ಎತ್ತಿದರು. ಮೂರು ದಿನದ ಮೇಲೆ ಗೇಟಿನಲ್ಲಿ ಬೇರೆ ಮುಖ ಕಂಡಿತು.

ಆತ ಬುಂದೇಲಖಂಡದ ಕಡೆಯವನು. ನಮ್ಮ ಗೇಟಿನಲ್ಲಿ ಆರು ವರ್ಷ ಇದ್ದ. ಮಗಳು ಶಾಲೆಯ ಬಸ್ಸಿಗೆ ಓಡುವಾಗ ಬಸ್ಸನ್ನು ನಿಲ್ಲಿಸಿಕೊಳ್ಳುತ್ತಿದ್ದವನೂ ಆತನೇ. ‘ಅಪ್ಪ, ಅಂಕಲ್ ಎಲ್ಲಿ?’ ಎಂದು ಅವಳು ಕೇಳಿದಾಗ ರಜೆಯಿರಬೇಕೆಂದೆವು. ಆಮೇಲೆ ನಿಜ ಹೇಳಿದೆವು. ನಿನ್ನ ಉಬ್ಬಸಕ್ಕಾಗಿಯೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡದಿದ್ದುದು ಪುಣ್ಯ.

ದೆಹಲಿಯಲ್ಲಿ ಗಾಳಿ ಕೆಟ್ಟ ದಿನಗಳಿಗಾಗಿ ಹಂತಹಂತದ ಸರ್ಕಾರಿ ನಿಯಮಗಳಿವೆ. ರಾತ್ರಿಯ ಕಾವಲುಗಾರರು ಬೆಂಕಿ ಹಾಕಿಕೊಳ್ಳದಂತೆ ನಿವಾಸಿಗಳ ಸಂಘಗಳೇ ಅವರಿಗೆ ವಿದ್ಯುತ್ ಹೀಟರ್ ಕೊಡಬೇಕೆಂಬುದು ಅವುಗಳಲ್ಲೊಂದು. ಆ ವಿಷಯ ನಮ್ಮ ಸಂಘದ ಸಮಿತಿಯ ಮುಂದೆ ಅಕ್ಟೋಬರಿನಲ್ಲಿಯೇ ಬಂದಿತ್ತು. ಕರೆಂಟಿನ ಬಿಲ್ಲು ಯಾರು ಕಟ್ಟಬೇಕೆಂಬ ಚರ್ಚೆಯಾಗಿ, ಮುಂದಿನ ಸಭೆಯಲ್ಲಿ ನೋಡೋಣವೆಂದು ಎದ್ದರು. ಸಮಿತಿಯಲ್ಲಿ ಐದು ಜನ. ‘ನೋಡೋಣ’ ಎಂದವರಲ್ಲಿ ನಾವೂ ಒಬ್ಬರು. ಚಿತ್ರ ತೆಗೆದ ರಾತ್ರಿ ಇದು ನೆನಪಿಗೇ ಬರಲಿಲ್ಲ. ಬಾಲ್ಕನಿಯಿಂದ ತೆಗೆದ ಚಿತ್ರದಲ್ಲಿ ಬಾಲ್ಕನಿ ಬರುವುದಿಲ್ಲ.

2025ರ ಅಕ್ಟೋಬರಿನ ಸಭೆಯಲ್ಲಿ ಎರಡು ಹೀಟರ್ ಕೊಳ್ಳಲು ಐದು ನಿಮಿಷದಲ್ಲಿ ಒಪ್ಪಿಗೆಯಾಯಿತು. ನಡಾವಳಿ ಬರೆಯುವ ಕೆಲಸ ಎಂದಿನಂತೆ ನಮ್ಮ ಪಾಲಿಗೆ ಬಂದಿತು. ಸರ್ಕಾರಿ ಗುಮಾಸ್ತನೆಂದರೆ ಎಲ್ಲರಿಗೂ ಅಷ್ಟು ನಂಬಿಕೆ. ‘ಕಳೆದ ವರ್ಷ ಈ ವಿಷಯವನ್ನು ಮುಂದೂಡಲಾಗಿತ್ತು’ ಎಂದು ಬರೆದು ಪೆನ್ನು ನಿಂತಿತು. ಕಚೇರಿಯ ಭಾಷೆಯಲ್ಲಿ ಎಲ್ಲವೂ ತಾನಾಗಿ ಆಗುತ್ತದೆ, ಮಾಡಿದವನು ಇರುವುದಿಲ್ಲ. ಹೊಡೆದುಹಾಕಿ, ‘ಸಮಿತಿಯ ಐವರೂ ಮುಂದೂಡಿದೆವು’ ಎಂದು ಬರೆದು ಕಾರಣವನ್ನೂ ಸೇರಿಸಿದೆವು. ಅಧ್ಯಕ್ಷರು ಓದಿ, ‘ಹಳೆಯದನ್ನು ಏಕೆ ಕೆದಕುತ್ತೀರಿ ಸಾಹೇಬರೆ’ ಎಂದರು. ಆದರೂ ಸಹಿ ಹಾಕಿದರು.

ಕಾವಲುಗಾರನ ಹಳೆಯ ನಂಬರಿಗೆ ಎರಡು ಸಲ ಫೋನು ಮಾಡಿದೆವು. ಆ ನಂಬರು ಚಾಲ್ತಿಯಲ್ಲಿಲ್ಲವೆಂದು ಬಂದಿತು. ಕಾವಲುಗಾರರನ್ನು ಒದಗಿಸುವ ಏಜೆನ್ಸಿಯವನನ್ನು ಕೇಳಿದಾಗ, ನೋಯ್ಡಾದ ಕಡೆ ಯಾವುದೋ ಕಟ್ಟಡದ ಕೆಲಸದಲ್ಲಿ ರಾತ್ರಿಪಾಳಿಗೆ ಇರಬಹುದು, ಸರಿಯಾದ ವಿಳಾಸ ತನ್ನಲ್ಲಿಲ್ಲ ಎಂದ.